ಸೂಜಿಯ ಅರ್ಥಗಳು

ಅತ್ತಿಗೆ ಕಣ್ಣಿನ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು. ಮದುವೆಯಾಗಿ ನಮ್ಮ ಮನೆಗೆ ಬಂದು ವರ್ಷ ತುಂಬುವ ಹೊತ್ತಿಗೆ ಅಲ್ಲಿಯ ಮೇಲ್ವಿಚಾರಕಿ ಅವಳನ್ನು ಕರೆದರಂತೆ. ಹೆಸರು ಬರೆಸುವ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಗುತ್ತಿದೆ, ಒಳಗಿನವರಿಗೇ ಕೊಡುತ್ತಾರೆ, ಆದರೆ ಸಣ್ಣದೊಂದು ಪರೀಕ್ಷೆ ಇದೆ ಎಂದರಂತೆ.

ಅವಳು ಆ ಸುದ್ದಿ ತಂದ ಸಂಜೆ ನಾವು ಡಬ್ಬ ಮಡಚುತ್ತಿದ್ದೆವು. ಅಪ್ಪ ಔಷಧಿಯ ಡಬ್ಬ ತಯಾರಿಸುವ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು. ಕತ್ತರಿಸಿದ ಹಾಳೆಗಳು ಕಟ್ಟು ಕಟ್ಟಾಗಿ ಮನೆಗೆ ಬರುತ್ತವೆ. ಅಮ್ಮ, ಅಜ್ಜಿ, ನಾನು ಅವನ್ನು ಮಡಚಿ, ಅಂಚಿಗೆ ಗೋಂದು ಹಚ್ಚಿ, ಡಬ್ಬ ಮಾಡಿ ವಾಪಸು ಕಳಿಸುತ್ತೇವೆ. ನಮ್ಮಲ್ಲಿ ಊಟಕ್ಕೆ ಕೂರಬೇಕಾದರೂ ಮೊದಲು ಡಬ್ಬಗಳನ್ನು ಸರಿಸಬೇಕು.

"ಎಂಥಾ ಪರೀಕ್ಷೆ?" ಎಂದ ಅಣ್ಣ. ಅವನು ಬೇಕರಿಯ ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ.

"ಇಂಗ್ಲಿಷಂತೆ ರೀ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಮ್ಮ ಭಾಷೇಲಿ ಅರ್ಥ. ಹೊಂದಿಸಿ ಬರೀಬೇಕು."

"ನಿಂಗೆ ಇಂಗ್ಲಿಷಾ?"

ಅಜ್ಜಿ ಗೋಂದಿನ ಬಟ್ಟಲಿನಿಂದ ಬೆರಳು ತೆಗೆದಳು. "ಯಾಕಪ್ಪಾ, ನೀನು ದೊಡ್ಡ ಪಂಡಿತ! ನಿನ್ನ ವ್ಯಾನಿನ ಮೇಲೆ ಏನು ಬರೆದಿದೆ ಅಂತ ಮೊದಲು ಓದಿ ಹೇಳು."

"ಬ್ರೆಡ್ಡು ಅಂತ ಬರೆದಿದೆ."

"ವಾಸನೆ ನೋಡಿ ಹೇಳಿದ್ರೆ ಓದಿದ ಹಾಗಲ್ಲ."

ಅತ್ತಿಗೆ ನಗಲಿಲ್ಲ. ಅಮ್ಮನ ಮುಂದೆ ಕೂತು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಫಿನಾಯಿಲಿನ ನೀರಿನಲ್ಲಿ ಬೆರಳ ಸಂದುಗಳು ಬೆಂದು, ಅಲ್ಲಲ್ಲಿ ಸೀಳಿದ್ದವು. "ಕೂತು ಮಾಡೋ ಕೆಲಸ, ಅತ್ತೆ. ಕೈಗೆ ನೀರು ತಾಗಲ್ಲ. ಓದ್ಕೊಳ್ಳೋಕೆ ಒಂದಿಷ್ಟು ವಾರ ಇದೆ."

ಅಮ್ಮ ಆ ಕೈಗಳನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು, ಸ್ಟೂಲು ಹತ್ತಿ, ಕಪಾಟಿನ ಮೇಲಿಂದ ಒಂದು ಚಪ್ಪಲಿ ಡಬ್ಬ ಇಳಿಸಿದಳು. ಸೆರಗಿನಲ್ಲಿ ಧೂಳು ಒರೆಸಿ ಅತ್ತಿಗೆಯ ಮಡಿಲಲ್ಲಿಟ್ಟಳು.

"ಇದರಲ್ಲಿ ಓದು. ಸೂಜಿ ಮಾಡಿದ್ದು."

ಅಪ್ಪ ಮಡಚುತ್ತಿದ್ದ ರಟ್ಟು ಕೈಯಲ್ಲೇ ಉಳಿಯಿತು. ನಾನು "ಅಮ್ಮಾ, ಅದು..." ಎಂದೆ. ಯಾರಿಗೂ ಕೇಳಿಸಲಿಲ್ಲ. ನನ್ನ ದನಿಯೇ ಹಾಗೆ.

ಸೂಜಿ ಎಂದರೆ ನನ್ನ ಅಕ್ಕ. ಅಣ್ಣನಿಗಿಂತ ಚಿಕ್ಕವಳು, ನನಗಿಂತ ದೊಡ್ಡವಳು. ಮೈ ಸಣಕಲು, ಮಾತು ಚೂಪು, ಅದಕ್ಕೆ ಆ ಹೆಸರು. ಅವಳು ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದ ನನಗೆ ದಾರ ಎಂದು ಅವಳೇ ಹೆಸರಿಟ್ಟಳು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಮತ್ತೆ ಕಟ್ಟಿದ್ದಳು. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಾಗ ನನ್ನನ್ನು ಶಾಲೆ ಬಿಡಿಸಿದ್ದರು. ನಾನು ಡಬ್ಬ ಮಡಚುತ್ತಿದ್ದೆ, ಅವಳು ಪಕ್ಕದಲ್ಲಿ ಓದುತ್ತಿದ್ದಳು.

ಅಪ್ಪ ತಂದ ರಟ್ಟಿನ ಚೂರುಗಳಲ್ಲಿ ಅವಳು ಚೀಟಿ ಮಾಡಿಕೊಂಡಳು. ಒಂದು ಚೀಟಿಯಲ್ಲಿ ಇಂಗ್ಲಿಷ್ ಪದ, ಇನ್ನೊಂದರಲ್ಲಿ ಅರ್ಥ. ಪದ ಅವಳು ಬರೆಯುತ್ತಿದ್ದಳು. ಅರ್ಥ ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ನನ್ನ ಅಕ್ಷರ ದುಂಡಗೆ. ಪ್ರತಿ ಜೋಡಿಯನ್ನೂ ಒಂದೇ ಚೂರಿನಿಂದ ಕತ್ತರಿಸುತ್ತಿದ್ದಳು. ಹೊಂದಿಸಿದ ಮೇಲೆ ಬೆನ್ನು ತಿರುಗಿಸಿ ಪಕ್ಕಪಕ್ಕ ಇಟ್ಟರೆ ಔಷಧಿ ಡಬ್ಬದ ಕೆಂಪು ಗೆರೆ ಕೂಡಬೇಕು. ಕೂಡಿದರೆ ಸರಿ, ಇಲ್ಲದಿದ್ದರೆ ತಪ್ಪು. ಪರೀಕ್ಷೆ ಹತ್ತಿರ ಬಂದಾಗ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಅದಾಗಿ ಮೂರು ವರ್ಷ. ಚಪ್ಪಲಿ ಡಬ್ಬವನ್ನು ಅಂದಿನಿಂದ ಯಾರೂ ಮುಟ್ಟಿರಲಿಲ್ಲ.

ಅತ್ತಿಗೆ ನೆಲದ ಮೇಲೆ ಚೀಟಿ ಹರಡಿದಳು. "ಎ-ಮ-ರ್ಜೆನ್ಸಿ. ಇದು ಆಸ್ಪತ್ರೇಲೂ ಬರೆದಿದೆ. ಇದಕ್ಕೆ ಯಾವುದು?" ಹುಡುಕಿ ಹುಡುಕಿ ಸೋತು, ಚೀಟಿಗಳನ್ನು ಬೋರಲು ಹಾಕಿ ಗೆರೆ ಕೂಡಿಸಿ, ತಿರುಗಿಸಿ ಓದಿದಳು. "'ಅಜ್ಜಿಯ ನಶ್ಯ ಮುಗಿಯುವುದು.' ಇದೇನಿದು?"

ಅಪ್ಪ ಮೊದಲು ನಕ್ಕ. ಆಮೇಲೆ ಅಣ್ಣ. ಅಜ್ಜಿ, "ಆ ಬಜಾರಿ ನನ್ನ ಮಾನ ಕಳೆಯೋಕೇ ಹುಟ್ಟಿದ್ಲು" ಎಂದು ನಕ್ಕು ಕೆಮ್ಮಿದಳು. ಅಮ್ಮನೂ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. ಮೂರು ವರ್ಷದಲ್ಲಿ ಅಕ್ಕನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ನಗು ಬಂದದ್ದು ಅವತ್ತೇ ಮೊದಲು.

ನಿಘಂಟಿನ ಅರ್ಥ ಅಕ್ಕನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಪುಸ್ತಕದಲ್ಲಿ ನೋಡಿ ತಿಳಿದುಕೊಂಡು, ನೆನಪಿರಲಿ ಎಂದು ತನ್ನದೇ ಅರ್ಥ ಹೇಳಿ ಬರೆಸುತ್ತಿದ್ದಳು. 'ಪೇಷನ್ಸ್' ಎಂದರೆ ಹಾಲು ಉಕ್ಕುವವರೆಗೆ ಅಮ್ಮ ಒಲೆ ಬಿಟ್ಟು ಕದಲದಿರುವುದು. 'ಪ್ರಾಮಿಸ್', ಅಣ್ಣ ನಾಳೆ ಅನ್ನುವುದು. 'ಟೆಂಪರರಿ', ಬಚ್ಚಲ ಬಾಗಿಲಿಗೆ ಅಪ್ಪ ಕಟ್ಟಿದ ಹಗ್ಗ. ಆ ಹಗ್ಗ ಈಗಲೂ ಇದೆ. 'ಗೆಸ್ಟ್', ಗಾಜಿನ ಲೋಟ ಕೆಳಗಿಳಿಯುವುದು. 'ವಿಟ್ನೆಸ್' ಎಂಬುದಕ್ಕೆ ಒಂದೇ ಮಾತು: ದಾರ. 'ಅಬ್ಸೆಂಟ್' ಎಂದರೆ, ತಟ್ಟೆ ಇದೆ, ಕೈ ಇಲ್ಲ.

ಎಲ್ಲ ಹೊಂದಿಸಿದ ಮೇಲೆ ಒಂದು ಪದ ಒಂಟಿಯಾಗಿ ಉಳಿಯಿತು. 'ಸ್ಟ್ರೇಂಜರ್'. ಅದಕ್ಕೆ ಅರ್ಥದ ಚೀಟಿ ಇರಲಿಲ್ಲ.

"ಕಳೆದು ಹೋಯ್ತಾ?" ಅತ್ತಿಗೆ ಕೇಳಿದಳು.

"ಬರೆದಿಲ್ಲ," ಎಂದೆ.

ಬರೆದಿರಲಿಲ್ಲ, ನಿಜ. ಅದರ ಅರ್ಥವನ್ನು ಅಕ್ಕ ಹೇಳಿದ್ದು ಆಸ್ಪತ್ರೆಯಲ್ಲಿ. ಅವಳಿಗೆ ಗಂಜಿ ಕುಡಿಸಲು ಮನೆಯಿಂದ ಅವಳದೇ ತಟ್ಟೆ ಒಯ್ದಿದ್ದೆ, ಅಂಚು ನೆಗ್ಗಿದ ಸ್ಟೀಲಿನ ತಟ್ಟೆ. ನಾನು ನೀರು ಹಿಡಿದು ಬರುವಷ್ಟರಲ್ಲಿ ಪಕ್ಕದ ಹಾಸಿಗೆಯ ಮುದುಕಿ ಅದನ್ನು ತನ್ನದೆಂದು ಎಳೆದುಕೊಂಡು ಉಣ್ಣುತ್ತಿದ್ದಳು. ಅಕ್ಕನಿಗೆ ಏಳುವ ಶಕ್ತಿ ಇರಲಿಲ್ಲ. ನಕ್ಕಳು. "ದಾರ, ಬರ್ಕೋ. ಸ್ಟ್ರೇಂಜರ್ ಅಂದ್ರೆ ನನ್ನ ತಟ್ಟೇಲಿ ಉಣ್ಣೋಳು" ಎಂದಳು. ಕೈಯಲ್ಲಿ ಚೀಟಿ ಇರಲಿಲ್ಲ. ಮರುದಿನ ಅಕ್ಕನೇ ಇರಲಿಲ್ಲ. ಅದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.

ಅತ್ತಿಗೆ ಓದಲು ಕೂತಳು. ಹೊಂದಿಸಬೇಕಾದರೆ ಪ್ರತಿ ಅರ್ಥದ ಹಿಂದಿನ ಕಥೆ ಗೊತ್ತಿರಬೇಕಲ್ಲ. ಅದನ್ನು ಅವಳು ನನ್ನಿಂದ ಕೇಳಿದಳು. ಸಂಜೆ ಕೆಲಸದಿಂದ ಬಂದು, ಕೈಗೆ ಎಣ್ಣೆ ಹಚ್ಚಿಕೊಂಡು, ನನ್ನ ಪಕ್ಕ ಕೂತು ಡಬ್ಬ ಮಡಚುತ್ತ ಕೇಳುತ್ತಿದ್ದಳು. "ಶೇಮ್ ಅಂದ್ರೆ 'ಮೆಟ್ಟಿಲ ಮೇಲೆ ಮೊಟ್ಟೆ' ಅಂತ ಯಾಕೆ?" "ಮೊಟ್ಟೆ ತಂದವರು ಯಾರು?" "ಅವಾಗ ಸೂಜಿ ಏನಂದ್ಲು?" ನಾನು ಜನ್ಮದಲ್ಲಿ ಅಷ್ಟು ಮಾತಾಡಿರಲಿಲ್ಲ.

"ನಿನ್ನ ಬಾಯಿಗೆ ಹಾಕಿದ್ದ ಬೀಗದ ಕೈ ಇವಳ ಹತ್ರ ಇತ್ತಾ?" ಎಂದಳು ಅಜ್ಜಿ.

ಅತ್ತಿಗೆ ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿ ಅವಳು ಎಲ್ಲರೂ ಉಂಡ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳಂತೆ. "ನಂಗೆ ಹೇಳ್ಕೊಳ್ಳೋಕೆ ಇಂಥಾದ್ದು ಒಂದೂ ಇಲ್ಲ ನೋಡು" ಎಂದಳು ಒಮ್ಮೆ. "ಮೆಟ್ಟಿಲ ಮೇಲೆ ಮೊಟ್ಟೆ ಒಡೆದಿದ್ರೆ ಅಲ್ಲಿ ಬರೀ ಏಟು. ಕಥೆ ಎಲ್ಲಿಂದ ಬರಬೇಕು?"

ಪಾತ್ರೆ ಉಜ್ಜುವಾಗ, ಬಟ್ಟೆ ಹಿಂಡುವಾಗ, ಬಸ್ಸಿಗೆ ಕಾಯುವಾಗ ಅವಳ ತುಟಿ ಆಡುತ್ತಲೇ ಇರುತ್ತಿತ್ತು. ಪೇಷನ್ಸ್, ಹಾಲು ಉಕ್ಕುವವರೆಗೆ ಅಮ್ಮ. ಪ್ರಾಮಿಸ್, ಅಣ್ಣ ನಾಳೆ ಅನ್ನುವುದು. ಚೀಟಿಯಲ್ಲಿ ಇದ್ದ ಹಾಗೆಯೇ. ಅಲ್ಲಿದ್ದ ಅಮ್ಮ ಅವಳಿಗೆ ಅತ್ತೆ, ಅಣ್ಣ ಅವಳಿಗೆ ಗಂಡ ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ.

ಮೊದಲು ಬದಲಾದದ್ದು ಒಲೆಯ ಹತ್ತಿರ. ಒಂದು ಬೆಳಿಗ್ಗೆ ಅಮ್ಮ ಬಾಗಿಲಲ್ಲಿ ಡಬ್ಬದ ಕಟ್ಟು ಎಣಿಸಿ ಕೊಡುತ್ತಿದ್ದಳು. ಒಳಗಿಂದ ಕೂಗು ಬಂತು.

"ಅಮ್ಮಾ, ಹಾಲು!"

ಅಮ್ಮ ಓಡಿದಳು. ಓಡಿ, ಒಲೆ ಆರಿಸಿ, ಪಾತ್ರೆ ಹಿಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು. ಅತ್ತಿಗೆ ಏನೂ ಆಗದವಳಂತೆ ಈರುಳ್ಳಿ ಹೆಚ್ಚುತ್ತಿದ್ದಳು. ಅಷ್ಟು ದಿನ ಅವಳು ಅಮ್ಮನನ್ನು ಅತ್ತೆ ಎಂದೇ ಕರೆದದ್ದು. ಅವತ್ತು ಅಮ್ಮ ಅವಳ ತಟ್ಟೆಗೆ ಕೇಳದೆಯೇ ಎರಡನೇ ಮೊಟ್ಟೆ ಹಾಕಿದಳು.

"ಇದೇನು ಇವತ್ತು ವಿಶೇಷ?" ಅಪ್ಪ ಕೇಳಿದ.

"ಓದೋ ಮಗು. ತಿನ್ನಲಿ," ಎಂದಳು ಅಮ್ಮ.

ಆಮೇಲೆ ಅವಳು ಕೂರುವ ಜಾಗ ಬದಲಾಯಿತು. ಬಾಗಿಲ ಹತ್ತಿರ ಕೂರುತ್ತಿದ್ದವಳು ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂರತೊಡಗಿದಳು. ಅದು ಅಕ್ಕನ ಜಾಗ. ಬೆಳಕಿಗೆಂದು ಕೂತಿರಬಹುದು, ಬೆಳಕು ಅಲ್ಲೇ ಚೆನ್ನಾಗಿದೆ. ಒಂದು ಪದ ಸರಿಯಾಗಿ ಹೊಂದಿದಾಗ ಕತ್ತಿನ ಹಿಂದೆ ಕೈ ಹಾಕಿ ನಗುತ್ತಿದ್ದಳು. ಅದು ಅಕ್ಕನ ನಗು. ನಾನೇ ಮಾತಿನ ಭರದಲ್ಲಿ ಮಾಡಿ ತೋರಿಸಿರಬಹುದು.

ಆದರೆ ಡಬ್ಬದ ವಿಷಯ ನಾನು ಹೇಳಿರಲಿಲ್ಲ. ಒಂದು ಸಂಜೆ ಅಜ್ಜಿ, ಅತ್ತಿಗೆ ಜೋಡಿಸಿದ ಡಬ್ಬಗಳ ಸಾಲನ್ನು ನನಗೆ ಬೆರಳಿನಿಂದ ತೋರಿಸಿದಳು. ಪ್ರತಿ ಸಾಲಿನ ಕೊನೆಯ ಡಬ್ಬ ತಲೆಕೆಳಗಾಗಿತ್ತು. ಲೆಕ್ಕ ತಪ್ಪದಿರಲಿ ಎಂದು ಅಕ್ಕ ಹಾಗೆ ಇಡುತ್ತಿದ್ದಳು. ಅವಳು ಹೋದ ಮೇಲೆ ನಾವು ಯಾರೂ ಹಾಗೆ ಇಟ್ಟಿಲ್ಲ.

"ಇದು ಯಾರು ಹೇಳಿಕೊಟ್ಟಿದ್ದು ಇವಳಿಗೆ?" ಅಜ್ಜಿ ನನ್ನ ಕಿವಿಯಲ್ಲಿ ಕೇಳಿದಳು.

ಗೊತ್ತಿಲ್ಲವೆಂದು ತಲೆಯಾಡಿಸಿದೆ.

"ಚೀಟೀಲಿ ಇದೆಯಾ?"

"ಇಲ್ಲ ಅಜ್ಜಿ."

ಅಜ್ಜಿ ನಶ್ಯದ ಡಬ್ಬಿ ತೆಗೆದಳು, ಏರಿಸದೆ ಮುಚ್ಚಿದಳು.

ಆ ವಾರವೇ ಅಮ್ಮ ಅಕ್ಕನ ತಟ್ಟೆ ಕೆಳಗಿಳಿಸಿದಳು. ಹುಣಸೆಹಣ್ಣು ಹಾಕಿ ತಿಕ್ಕಿ, ನೆಗ್ಗಿದ ಅಂಚಿನವರೆಗೂ ಹೊಳೆಯುವಂತೆ ಮಾಡಿ, ಅದರಲ್ಲಿ ಅನ್ನ ಹಾಕಿ ಅತ್ತಿಗೆಯ ಮುಂದೆ ಇಟ್ಟಳು.

"ಸೊಸೆಗೆ ಆ ತಟ್ಟೆ ಬೇಡ," ಎಂದಳು ಅಜ್ಜಿ.

"ಯಾಕೆ? ತಟ್ಟೆ ಏನು ಮಾಡುತ್ತೆ?"

"ತಟ್ಟೆ ಏನೂ ಮಾಡಲ್ಲ. ನೀನು ಮಾಡ್ತಿದ್ದೀಯ."

"ನಿಮಗೆ ನಿಮ್ಮ ನಶ್ಯ ಇದ್ದರೆ ಸಾಕು. ನನ್ನ ಮನೇಲಿ ಯಾರಿಗೆ ಯಾವ ತಟ್ಟೆ ಅಂತ ನಾನು ನೋಡ್ಕೋತೀನಿ."

ಅಮ್ಮ ಅಜ್ಜಿಗೆ ಹಾಗೆ ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪ ಸಾರಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು, "ಉಪ್ಪು ಸರಿಯಾಗಿದೆ" ಎಂದ. ಯಾರೂ ಉಪ್ಪಿನ ಮಾತು ಎತ್ತಿರಲಿಲ್ಲ. ಅತ್ತಿಗೆ ತಟ್ಟೆಯನ್ನು ತಿರುಗಿಸಿ, ನೆಗ್ಗಿದ ಅಂಚು ತನ್ನ ಎಡಕ್ಕೆ ಬರುವ ಹಾಗೆ ಇಟ್ಟುಕೊಂಡು ಉಣ್ಣಲು ಶುರು ಮಾಡಿದಳು. ಅಕ್ಕ ಎಡಕ್ಕೇ ಇಟ್ಟುಕೊಳ್ಳುತ್ತಿದ್ದಳು.

ಅಣ್ಣನ ವಿಷಯ ಬಂದದ್ದು ಒಂದು ರಜೆಯ ದಿನ, ತಿಂಡಿಯ ಹೊತ್ತಿಗೆ. ಬಚ್ಚಲ ಬಾಗಿಲ ಹಗ್ಗ ಬಿಚ್ಚಿಹೋಗಿತ್ತು.

"ಒಂದು ಚಿಲಕ ತಂದು ಹಾಕೋ ಮಾರಾಯ," ಎಂದಳು ಅಮ್ಮ.

"ನಾಳೆ ತರ್ತೀನಿ."

ಅತ್ತಿಗೆ ಕಿಟಕಿಯ ಕೆಳಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತದೆ, ಸರಾಗವಾಗಿ ಹೇಳಿದಳು: "ಲೋ ಅಣ್ಣಾ, ನಿನ್ನ ನಾಳೆಗೆ ಬೆಂಕಿ ಬೀಳ."

ಅದು ಅಕ್ಕ ದಿನಾ ಹೇಳುತ್ತಿದ್ದ ಮಾತು. ಸ್ವರವೂ ಅದೇ, ಕೊನೆಯಲ್ಲಿ ಸ್ವಲ್ಪ ಎಳೆಯುವುದು.

ಅಣ್ಣನ ಕೈಯ ಲೋಟ ಓರೆಯಾಗಿ ಚಹಾ ತೊಡೆಯ ಮೇಲೆ ಚೆಲ್ಲಿತು. ಅವನಿಗೆ ಬಿಸಿ ತಾಗಿದ ಹಾಗೆಯೇ ಕಾಣಲಿಲ್ಲ. ಅತ್ತಿಗೆ ಆಗ ತಲೆ ಎತ್ತಿದಳು. ಎಲ್ಲರೂ ತನ್ನನ್ನು ನೋಡುತ್ತಿರುವುದನ್ನು ಕಂಡು, "ಯಾಕೆ? ಏನಾಯ್ತು?" ಎಂದಳು. ನಿಜಕ್ಕೂ ಗೊತ್ತಿರಲಿಲ್ಲ ಅವಳಿಗೆ.

"ನನ್ನ ಏನಂತ ಕರೆದೆ?"

"ಕರೆದೆನಾ?"

"ಅಣ್ಣಾ ಅಂದೆ! ಗಂಡನ್ನ ಯಾರಾದ್ರೂ ಅಣ್ಣಾ ಅಂತಾರೇನೆ?"

ಅತ್ತಿಗೆ ಚಾಕು ಕೆಳಗಿಟ್ಟಳು. "ಚೀಟೀಲಿ ಹಾಗೆ ಇದೆ ರೀ... ಹೇಳಿ ಹೇಳಿ ಬಾಯಿಗೆ ಬಂದುಬಿಡ್ತು."

ಅಣ್ಣ ಎದ್ದು ಕಪಾಟಿನ ಕಡೆ ನಡೆದ. "ಎಲ್ಲಿ ಆ ಡಬ್ಬ? ಒಲೆಗೆ ಹಾಕ್ತೀನಿ ಅದನ್ನ."

ಅಮ್ಮ ಅಡ್ಡ ನಿಂತಳು. "ಮುಟ್ಟು ನೋಡೋಣ."

"ಅಮ್ಮಾ, ನಿಂಗೆ ತಲೆ ಸರಿ ಇದೆಯಾ? ಕಿಟಕಿ ಹತ್ರ ಕೂರ್ತಾಳೆ, ಅವಳ ಹಾಗೇ ನಗ್ತಾಳೆ. ನಂಗೆ ಕೋಣೆಗೆ ಹೋಗೋಕೆ ಹಿಂಸೆ ಆಗುತ್ತೆ, ಗೊತ್ತಾ? ನಾನು ಮದುವೆ ಆಗಿದ್ದು ಇವಳನ್ನ!"

"ಮೂರು ವರ್ಷದಿಂದ ಈ ಮನೇಲಿ ನನ್ನ ಹತ್ರ ಯಾರಾದ್ರೂ ಜಗಳ ಆಡಿದ್ದೀರಾ? ನಗಿಸಿದ್ದೀರಾ? ಬರ್ತೀರಿ, ಉಣ್ತೀರಿ, ಮಲಗ್ತೀರಿ. ಈಗ ಮನೇಲಿ ಒಂದು ದನಿ ಬಂದಿದೆ. ಅದನ್ನೂ ಸುಡ್ತೀಯಾ?"

ಅಪ್ಪ ಮೆಲ್ಲಗೆ, "ಒಂದು ನಿಘಂಟು ತರೋಣ" ಎಂದ.

"ನೀವು ಸುಮ್ಮನಿರಿ," ಎಂದರು ಅಮ್ಮ, ಅಣ್ಣ ಇಬ್ಬರೂ.

ಅಂದಿನಿಂದ ಅಣ್ಣ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಬುತ್ತಿ ಕಟ್ಟಿಸಿಕೊಂಡು ಹೋಗಿ ವ್ಯಾನಿನಲ್ಲಿ ಕೂತು ಉಣ್ಣುತ್ತಿದ್ದ. ರಸ್ತೆಯಾಚೆ ನಿಲ್ಲಿಸಿದ ವ್ಯಾನಿನ ಗಾಜಿನಲ್ಲಿ ಅವನ ದವಡೆ ಆಡುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು.

ಅತ್ತಿಗೆ ಹೆದರಿದಳು. ಒಂದು ಸಂಜೆ ನನ್ನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದಳು.

"ಇವತ್ತು ಆಸ್ಪತ್ರೇಲಿ ಹಾಜರಿ ಕರೆದ್ರು. ನನ್ನ ಹೆಸರು ಕರೆದಾಗ, ಯಾರಪ್ಪಾ ಅದು ಅಂತ ನಾನೇ ಹಿಂದೆ ತಿರುಗಿ ನೋಡಿದೆ. ಎಲ್ಲರೂ ನಕ್ಕರು." ಅವಳು ನಗಲು ನೋಡಿದಳು, ಆಗಲಿಲ್ಲ. "ಮೇಡಂ ಹಳೇ ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದ್ರು. ಅಬ್ಸೆಂಟ್ ಅಂತ ಇತ್ತು. ಬಲಗಡೆ ಎಷ್ಟು ಹುಡುಕಿದ್ರೂ ತಟ್ಟೆ ಇಲ್ಲ. ಗೈರುಹಾಜರಿ ಅಂತ ಇತ್ತು, ಆದ್ರೆ ನಂಗದು ಕಾಣಿಸಲೇ ಇಲ್ಲ. ಅರ್ಧಕ್ಕರ್ಧ ತಪ್ಪು. ಹೀಗೇ ಆದ್ರೆ ಕೌಂಟರಿಗೆ ಬೇರೆಯವಳನ್ನ ಹಾಕ್ತೀವಿ ಅಂದ್ರು."

"ಹಾಗಾದ್ರೆ ಚೀಟಿ ಬಿಡು, ಅತ್ತಿಗೆ."

"ಬಿಡ್ತೀನಿ. ಆದ್ರೆ ಅಮ್ಮ..." ಎಂದವಳು ಅಲ್ಲಿಗೇ ನಿಲ್ಲಿಸಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಮರುದಿನ ಅವಳು ಆಸ್ಪತ್ರೆಯಿಂದ ಒಂದು ಹಳೆಯ ನಿಘಂಟು ಬೇಡಿ ತಂದಳು. ಊಟವಾದ ಮೇಲೆ ಅದನ್ನು ತೆರೆದು ಕೂತಳು. ಅಮ್ಮ ಬಂದು ಅವಳ ಮುಂದೆ ನೆಲ ಒರೆಸಿ, ಚಪ್ಪಲಿ ಡಬ್ಬ ಬಿಚ್ಚಿ, ಚೀಟಿಗಳನ್ನು ತಾನೇ ಹರಡಿದಳು. ಅಮ್ಮನಿಗೆ ಓದಲು ಬರುವುದಿಲ್ಲ. ಎಲ್ಲವನ್ನೂ ಬೋರಲು ಹಾಕಿ, ಕೆಂಪು ಗೆರೆಗಳನ್ನು ನೋಡಿ ನೋಡಿ ಕೂಡಿಸುತ್ತ ಹೋದಳು. ಔಷಧಿಯ ಹೆಸರಿನ ಅರ್ಧ ಅಕ್ಷರಕ್ಕೆ ಇನ್ನರ್ಧ ಅಕ್ಷರ. ಒಂದೂ ತಪ್ಪಲಿಲ್ಲ.

"ಇದೇನು ಹೇಳು," ಎಂದು ಒಂದೊಂದು ಜೋಡಿಯನ್ನೂ ತಿರುಗಿಸಿ ಅತ್ತಿಗೆಯ ಕಡೆ ತಳ್ಳುವಳು. ಅತ್ತಿಗೆ ನಿಘಂಟಿನಲ್ಲಿ ಬೆರಳಿಟ್ಟುಕೊಂಡೇ ಓದಿ ಹೇಳಬೇಕು. ಹೇಳದಿದ್ದರೆ ಅಮ್ಮ ಏಳುತ್ತಿರಲಿಲ್ಲ. ದಿನವೂ ಇದೇ ಆಯಿತು. ಕಿಟಕಿಯ ಕೆಳಗೆ ಇಬ್ಬರೂ ಎದುರುಬದುರು. ಅಜ್ಜಿ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ.

ಪರೀಕ್ಷೆಗೆ ಇನ್ನು ಎರಡು ಮೂರು ದಿನ ಇತ್ತು. ಮಧ್ಯಾಹ್ನ ನಾನು ಮನೆಯೊಳಗೆ ಗೋಂದು ಕಲಸುತ್ತಿದ್ದೆ. ಅತ್ತಿಗೆಗೆ ಓದಲು ರಜೆ ಕೊಟ್ಟಿದ್ದರು. ಅಣ್ಣ ಬುತ್ತಿ ತೆಗೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದ, ಚಪ್ಪಲಿ ಬಿಚ್ಚಿರಲಿಲ್ಲ. ಅತ್ತಿಗೆ ಊಟ ಮುಗಿಸಿ ನೆಗ್ಗಿದ ತಟ್ಟೆಯನ್ನು ತೊಳೆಯಲು ಎತ್ತಿಕೊಂಡಿದ್ದಳು.

"ಸೂಜೀ," ಎಂದಳು ಅಮ್ಮ.

"ಆಂ?" ಎಂದಳು ಅತ್ತಿಗೆ.

ಕರೆದದ್ದು ಎಷ್ಟು ಸಹಜವಾಗಿತ್ತೋ ಓಗೊಟ್ಟದ್ದೂ ಅಷ್ಟೇ ಸಹಜವಾಗಿತ್ತು. ಅಜ್ಜಿ ಗೋಡೆಯಿಂದ ಮುಖ ತಿರುಗಿಸಿದಳು. ಅಣ್ಣ ಚೌಕಟ್ಟು ಹಿಡಿದುಕೊಂಡ.

ಅಮ್ಮನ ಕೈಯಲ್ಲಿ ಆ ಒಂಟಿ ಚೀಟಿ ಇತ್ತು. "ಎಲ್ಲಕ್ಕೂ ಜೋಡಿ ಇದೆ. ಇದೊಂದಕ್ಕೆ ಇಲ್ಲ. ಇದೇನಿದು?"

"ಸ್ಟ್ರೇಂಜರ್."

"ಇದಕ್ಕೆ ಏನು ಬರೆಸಬೇಕು ಅಂತಿದ್ದೆ?"

ಅವಳು ಏನು ಬರೆಸುತ್ತಿದ್ದಳು ಎಂದು ಅಮ್ಮ ಕೇಳಲಿಲ್ಲ. ನೀನು ಎಂದೇ ಕೇಳಿದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"ಹೇಳು, ಮಗಾ. ಅರ್ಧಕ್ಕೇ ಬಿಟ್ಟು ಹೋದೆ. ಏನಂತ ಇದ್ದೆ?"

ಅತ್ತಿಗೆಯ ಕಣ್ಣು ಕಿಟಕಿಯ ಕಡೆ ಹೋಯಿತು. ನಂತರ ಅವಳ ಮುಖದಲ್ಲಿ ನಗು ಬರತೊಡಗಿತು. ಎಡಗೈ ಕತ್ತಿನ ಹಿಂದಕ್ಕೆ ಹೋಯಿತು. ಹೇಳುವ ಮೊದಲು ನಾಲಗೆಯಿಂದ ತುಟಿ ಸವರಿಕೊಂಡಳು.

"ನನ್ನ ತಟ್ಟೇಲಿ..." ಎಂದಳು.

ನನ್ನ ಕೈಯಿಂದ ಗೋಂದಿನ ಬಟ್ಟಲು ಜಾರಿ ಬಿತ್ತು. ಆ ಸದ್ದಿಗೆ ಅವಳು ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ ಗೊತ್ತಿಲ್ಲ. ಆಮೇಲೆ ಬಾಗಿಲಲ್ಲಿದ್ದ ಅಣ್ಣನನ್ನು ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ ತಟ್ಟೆಯನ್ನು, ಅದರ ನೆಗ್ಗಿದ ಅಂಚನ್ನು, ಅದರ ಮೇಲಿದ್ದ ತನ್ನ ಸೀಳು ಬೆರಳುಗಳನ್ನು. ಕತ್ತಿನ ಹಿಂದಿದ್ದ ಕೈ ಕೆಳಗಿಳಿಯಿತು.

"ಮುಂದೆ?" ಎಂದಳು ಅಮ್ಮ. "ನನ್ನ ತಟ್ಟೇಲಿ, ಏನು?"

ಅತ್ತಿಗೆ ಬಗ್ಗಿ ತಟ್ಟೆಯನ್ನು ಅಮ್ಮನ ಮುಂದೆ, ಚೀಟಿಗಳ ಪಕ್ಕ ಇಟ್ಟಳು. ಎರಡೂ ಕೈ ಸೀರೆಗೆ ಒರೆಸಿಕೊಂಡಳು.

"ನಂಗೆ ಗೊತ್ತಿಲ್ಲ, ಅತ್ತೆ."

"ಏನಂದೆ?"

"ಗೊತ್ತಿಲ್ಲ ಅತ್ತೆ. ನಾನು ಅವಳನ್ನ ನೋಡೇ ಇಲ್ಲ. ನಾನು ಈ ಮನೆಗೆ ಬರೋ ಹೊತ್ತಿಗಾಗಲೇ ಅವಳು ಇರಲಿಲ್ಲ."

ಅಮ್ಮ ಅವಳ ಮುಖವನ್ನೇ ನೋಡಿದಳು. ಬಹಳ ಹೊತ್ತು ಹುಡುಕಿದಳು. ಆಮೇಲೆ ಕೈಯಲ್ಲಿದ್ದ ಒಂಟಿ ಚೀಟಿಯನ್ನು ಬೋರಲು ಹಾಕಿ, ಹೆಬ್ಬೆರಳಿನಿಂದ ಅದರ ಕೆಂಪು ಗೆರೆಯ ತುದಿಯನ್ನು ಉಜ್ಜುತ್ತ ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಹತ್ತಿರ ಹೋಗಬಹುದಿತ್ತು.

ಅಣ್ಣ ಚಪ್ಪಲಿ ಬಿಚ್ಚಿ ಒಳಗೆ ಬಂದ. "ನಂಗೂ ಹಾಕು," ಎಂದ ಅತ್ತಿಗೆಗೆ. "ಇಲ್ಲೇ ಉಣ್ತೀನಿ."

ಮೂಲೆಯಿಂದ ಅಜ್ಜಿ ಹೇಳಿದಳು: "ನನ್ನ ನಶ್ಯ ಮುಗಿದಿದೆ. ಯಾರಾದ್ರೂ ಎದ್ದು ಹೋಗ್ತೀರಾ, ಇಲ್ಲ ನಾನೇ ಈ ಮುರುಕು ಸೊಂಟ ಹೊತ್ಕೊಂಡು ಹೋಗ್ಲಾ?"

ನಶ್ಯದ ಚೀಟಿಯ ಆ ಇಂಗ್ಲಿಷ್ ಪದ ಎಲ್ಲರ ಬಾಯಿಯವರೆಗೂ ಬಂದಿತ್ತು. ಯಾರೂ ಹೇಳಲಿಲ್ಲ.

ಪರೀಕ್ಷೆಗೆ ಉಳಿದ ದಿನಗಳಲ್ಲಿ ಅಣ್ಣನೇ ಅವಳಿಗೆ ನಿಘಂಟು ಹಿಡಿದು ಕೇಳಿದ. ತಪ್ಪು ಹೇಳಿದಾಗ ಗದರಿದ, ಅವಳೂ ತಿರುಗಿ ಗದರಿದಳು. "ನೀವು ಓದಿದ್ದೇ ತಪ್ಪು ರೀ, ಅದು 'ಕ' ಅಲ್ಲ 'ಸ'." ಆ ರೀ ಕೇಳಿದಾಗಲೆಲ್ಲ ಅಪ್ಪ ತಲೆ ತಗ್ಗಿಸಿ ಡಬ್ಬ ಮಡಚುವ ವೇಗ ಹೆಚ್ಚಿಸುತ್ತಿದ್ದ. ಅತ್ತಿಗೆ ಪರೀಕ್ಷೆ ಬರೆದಳು. ಚೆನ್ನಾಗಿಯೇನೂ ಬರೆಯಲಿಲ್ಲವಂತೆ, ಆದರೆ ಗೈರುಹಾಜರಿ ಕಣ್ಣಿಗೆ ಬಿತ್ತಂತೆ. ಮುಂದಿನ ತಿಂಗಳು ಅವಳನ್ನು ಕೌಂಟರಿಗೆ ಕೂರಿಸಿದರು. ಈಗ ಬರುವವರ ಹೆಸರು ಕೇಳಿ ಬರೆದುಕೊಳ್ಳುತ್ತಾಳೆ. ಅವಳ ಬೆರಳ ಸಂದು ಮೆಲ್ಲಮೆಲ್ಲಗೆ ಕೂಡಿಕೊಳ್ಳುತ್ತಿದೆ. ಬಚ್ಚಲಿಗೆ ಅಣ್ಣ ಚಿಲಕ ತಂದ. ಅದನ್ನು ಹಾಕುವುದು ನಾಳೆ.

ಅಮ್ಮ ಚಪ್ಪಲಿ ಡಬ್ಬವನ್ನೂ ತಟ್ಟೆಯನ್ನೂ ಕಪಾಟಿನ ಮೇಲೆ ಇಟ್ಟಳು. ಅತ್ತಿಗೆಯ ಮೇಲೆ ಸಿಟ್ಟೇನೂ ಇಲ್ಲ. ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಒಂದೇ ಮೊಟ್ಟೆ ಹಾಕುತ್ತಾಳೆ. ಮನೆ ಮತ್ತೆ ಮೊದಲಿನ ಹಾಗೆ ಆಗಿದೆ.

ಮೊನ್ನೆ ಊಟವಾದ ಮೇಲೆ ಅತ್ತಿಗೆ, ನಾನು ಪಾತ್ರೆ ತೊಳೆಯುತ್ತಿದ್ದೆವು. ಅವಳು ಉಜ್ಜಿ ಕೊಡುವುದು, ನಾನು ನೀರಲ್ಲಿ ಜಾಲಿಸಿ ಒರೆಸುವುದು. ಉಳಿದವರೆಲ್ಲ ಹೊರಗೆ ಡಬ್ಬ ಮಡಚಲು ಕೂತಿದ್ದರು. ಅವಳು ಒಮ್ಮೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅವಳು ಆಮೇಲೆ ತೊಳೆದು ಕೊಟ್ಟಳಾ?"

"ಯಾರು?"

"ಆ ಮುದುಕಿ. ಪಕ್ಕದ ಹಾಸಿಗೆಯವಳು."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಅವಳು ನನ್ನ ಮುಖ ನೋಡಲಿಲ್ಲ. ಒಂದು ತಟ್ಟೆಯ ಅಂಚನ್ನು ಬೂದಿ ಹಾಕಿ ಉಜ್ಜುತ್ತಿದ್ದಳು.

"ಹೂಂ," ಎಂದೆ. "ತೊಳೆದೇ ಕೊಟ್ಟಳು."

"ಸರಿ ಹಾಗಾದ್ರೆ," ಎಂದು ಅವಳು ಆ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.